ಹದಿನೇಳು ಹೆಂಗಸರು ನಡೆದು ಬಂದ ದಿನ

ನಾನು ಚಿಕ್ಕವಳಿದ್ದಾಗ ಸಿಟ್ಟು ಬಂದರೆ ನೆಲಕ್ಕೆ ಬಿದ್ದು ಹೊರಳಾಡಿ ಅಳುತ್ತಿದ್ದೆ. ಅವ್ವ ಹಾಗಲ್ಲ. ಅವಳಿಗೆ ಸಿಟ್ಟು ಬಂದರೆ ಸುಮ್ಮನಾಗುತ್ತಿದ್ದಳು. ಒಂದು ಸಿಟ್ಟನ್ನಂತೂ ನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು, ಒಂದೇ ದಿನ ಹೊರಗೆ ತೆಗೆದಳು. ಆ ದಿನ ನಾನು ಅವಳ ಜೊತೆಗಿದ್ದೆ. ನನಗಾಗ ಒಂಬತ್ತು ವರ್ಷ.

ನಮ್ಮೂರು ಗುಡೂರಿನ ಹತ್ತಿರದ ಒಂದು ಹಳ್ಳಿ. ನಮ್ಮ ಓಣಿಯಲ್ಲಿ ಎಲ್ಲರೂ ನೇಕಾರರು. ಬೆಳಗಾದರೆ ಸಾಕು, ಮನೆ ಮನೆಯಿಂದ ಮಗ್ಗದ ಸದ್ದು. ಅಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಇಳಕಲ್ ಸೀರೆ ನೇಯುತ್ತಿದ್ದ. ಕೆಂಪು ಸೆರಗಿಗೆ ಬಿಳಿ ರೇಷ್ಮೆಯ ಗೋಪುರಗಳು ಒಂದೊಂದಾಗಿ ಏಳುವುದನ್ನು ನೋಡುತ್ತ ನಾನು ಊಟವನ್ನೂ ಮರೆಯುತ್ತಿದ್ದೆ. ಹಾಸಿನ, ಅಂದರೆ ಸೀರೆಯ ಉದ್ದಕ್ಕೂ ಓಡುವ, ಎಳೆಗಳನ್ನು ಜೋಡಿಸುವ ಕೆಲಸ ಅವ್ವನದು. ಒಂದು ಹಾಸು ಮಗ್ಗಕ್ಕೇರಬೇಕಾದರೆ ಸಾವಿರಾರು ಎಳೆಗಳನ್ನು ಕೈಯಿಂದಲೇ ಕೂಡಿಸಬೇಕು. ಬೆರಳು ಬಿರಿದು ನೂಲಿಗೆ ರಕ್ತ ಹತ್ತದಂತೆ ಅವ್ವ ಬೆರಳಿಗೆ ಅರಿವೆ ಸುತ್ತಿಕೊಳ್ಳುತ್ತಿದ್ದಳು.

ಊರಿನಲ್ಲಿ ಒಬ್ಬ ಧಣಿ ಇದ್ದ. ಪಂಚಾಯಿತಿ ಚುನಾವಣೆ ಬಂದಾಗಲೆಲ್ಲ ಅವನೇ ಗೆಲ್ಲುತ್ತಿದ್ದ. ಗೆಲ್ಲುವ ರೀತಿ ಹೇಗಿತ್ತು ಗೊತ್ತೇ? ಓಟು ನಡೆಯುತ್ತಿದ್ದ ಊರ ಸಾಲಿಯ, ಅಂದರೆ ಶಾಲೆಯ, ಕೋಣೆಯಲ್ಲಿ ಅವನ ಮನುಷ್ಯ ಕುಳಿತಿರುತ್ತಿದ್ದ. ಗಂಡಸರು ಅವನಿಗೆ ತೋರಿಸಿ ಚೀಟಿಗೆ ಮುದ್ರೆ ಒತ್ತಬೇಕು. ಹೆಂಗಸರು ಹೋದರೆ, "ನಿಮ್ಮ ಓಟು ಆಗ್ಯಾವ, ಮನಿಗೆ ಹೋಗ್ರಿ" ಎನ್ನುತ್ತಿದ್ದ. ಅವರ ಹೆಸರಿನಲ್ಲಿ ಯಾರೋ ಆಗಲೇ ಹಾಕಿ ಮುಗಿಸಿರುತ್ತಿದ್ದರು.

ನಾನು ಐದು ವರ್ಷದವಳಿದ್ದಾಗ ಬಂದ ಚುನಾವಣೆಯಲ್ಲಿ ಅಪ್ಪ ಆ ಮನುಷ್ಯನಿಗೆ ಬೆನ್ನು ತಿರುಗಿಸಿ ನಿಂತು ಮುದ್ರೆ ಒತ್ತಿದ. ಮಾಡಿದ್ದು ಅಷ್ಟೇ. ಮರುದಿನ ಬೆಳಗ್ಗೆ ಧಣಿಯ ಕಡೆಯ ಮೂವರು ಮನೆಯೊಳಗೆ ನುಗ್ಗಿ, ಮಗ್ಗದ ಮೇಲಿದ್ದ ಹಾಸನ್ನು ಕುಡುಗೋಲಿನಿಂದ ಅಡ್ಡಡ್ಡ ಕೊಯ್ದರು. ಬಿಗಿಯಾಗಿದ್ದ ಎಳೆಗಳು ತಟತಟನೆ ಹರಿದು ಎರಡೂ ಕಡೆ ಜೋತುಬಿದ್ದವು. ಆ ಸದ್ದು ನನಗೆ ಇನ್ನೂ ನೆನಪಿದೆ. ಅಪ್ಪ ಕುಣಿಯಿಂದ ಮೇಲೇಳಲೇ ಇಲ್ಲ, ಮುಖ ಮುಚ್ಚಿಕೊಂಡು ಕುಳಿತುಬಿಟ್ಟ. ಓಣಿಯ ಹೆಂಗಸರೆಲ್ಲ ಬಂದು ಅತ್ತರು. ಅವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ. ಕತ್ತರಿಸಿದ ನೂಲನ್ನು ಗುಡಿಸಿ ಒಂದು ಕಡೆ ಇಟ್ಟಳು, ಅಷ್ಟೇ.

ಮುಂದಿನ ಚುನಾವಣೆಗೆ ಧಣಿಯ ಎದುರು ಕುಂಬಾರ ಓಣಿಯ ಒಬ್ಬ ಯುವಕ ನಿಂತ. ಈ ಸಲ ಬರುವ ಅಧಿಕಾರಿ ಬಹಳ ಕಟ್ಟುನಿಟ್ಟು, ಒಬ್ಬರ ಓಟು ಇನ್ನೊಬ್ಬರು ಹಾಕಲು ಬಿಡುವುದಿಲ್ಲ ಎಂಬ ಸುದ್ದಿ ಹಬ್ಬಿತು. ಅದನ್ನು ಕೇಳಿದ ಧಣಿಗೆ ಎಲ್ಲಿಲ್ಲದ ಭಕ್ತಿ ಬಂತು! ಓಟಿನ ದಿನ ಬೆಳಗ್ಗೆ ನಮ್ಮ ಓಣಿಯ ಹೆಂಗಸರನ್ನೆಲ್ಲ ಬಾದಾಮಿಯ ಬನಶಂಕರಿಗೆ ತನ್ನ ಲಾರಿಯಲ್ಲಿ ಕಳಿಸುತ್ತೇನೆ, ಊಟವೂ ತನ್ನದೇ, ಮಧ್ಯಾಹ್ನದೊಳಗೆ ತಿರುಗಿ ಬಂದು ಓಟು ಹಾಕಬಹುದು ಎಂದು ಹೇಳಿಕಳಿಸಿದ. ಬನಶಂಕರಿ ನಮ್ಮ ನೇಕಾರರ ಮನೆದೇವತೆ. ಇಪ್ಪತ್ತಾರು ಹೆಂಗಸರು ಹೊರಟು ನಿಂತರು. ಅವ್ವನೂ ಸೀರೆ ಉಟ್ಟು ಸಿದ್ಧಳಾದಳು.

ಅಪ್ಪನಿಗೆ ಆಶ್ಚರ್ಯ. "ನಿನಗ ತಿಳೀವಲ್ದೇನ? ಇದು ಮೋಸ ಐತಿ" ಎಂದ.

"ತಿಳದೈತಿ" ಎಂದಳು ಅವ್ವ. "ಎಷ್ಟು ಹೇಳಿದ್ರೂ ಅವರು ಕೇಳವಲ್ರು, ದೇವಿ ಹೆಸರು ಅಂತಾರ. ನಾ ಒಬ್ಬಾಕಿ ಇಲ್ಲಿ ಕುಂತು ಒಂದು ಓಟು ಹಾಕಿದ್ರ ಏನಾದೀತು? ಅವರನ್ನ ಹೊಳ್ಳಿ ಕರಕೊಂಡ ಬರಾಕ ಯಾರರ ಬೇಕಲ್ಲ."

ನನ್ನ ಕೈ ಹಿಡಿದು ಅವಳೂ ಲಾರಿ ಹತ್ತಿದಳು. ನಮ್ಮ ಪಕ್ಕದಲ್ಲಿ ನೆರೆಮನೆಯ ಚಾಚಿ ಕುಳಿತಿದ್ದಳು. ಚಾಚಿ ನೂಲಿಗೆ ಬಣ್ಣ ಹಾಕುತ್ತಿದ್ದಳು. ಅವಳ ಮೊಳಕೈವರೆಗೆ ಯಾವಾಗಲೂ ಕೆಂಪು ಬಣ್ಣ ಇರುತ್ತಿತ್ತು. ಅವಳು ಮುಸಲ್ಮಾನಳು, ಆದರೂ ಗೆಳತಿಯರೆಲ್ಲ ಹೊರಟಾಗ ತಾನೊಬ್ಬಳೇ ಯಾಕೆ ಉಳಿಯಬೇಕೆಂದು ಬಂದಿದ್ದಳು.

ದರ್ಶನ ಬೇಗ ಆಯಿತು. ಹೊಂಡದ ದಂಡೆಯ ಮೇಲೆ ಕುಳಿತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಂಡೆವು. ಲಾರಿ ಊರ ಕಡೆ ಹೊರಟಾಗ ಎಲ್ಲರೂ ಹಾಡುತ್ತಿದ್ದರು. ಹೊಳೆ ದಾಟಿ, ಊರು ಇನ್ನು ಏಳು ಮೈಲಿ ಇದೆ ಎನ್ನುವಾಗ ಲಾರಿ ನಿಂತಿತು. ಚಾಲಕ ಇಳಿದು ಮುಂದಿನ ಮುಚ್ಚಳ ಎತ್ತಿಟ್ಟು, ಬೇವಿನ ಮರದ ಕೆಳಗೆ ಟವಲು ಹಾಸಿ ಮಲಗಿದ.

"ಗಾಡಿ ಕೆಟ್ಟೈತ್ರಿ. ಬಿಸಿಲು ಇಳೀಲಿ, ನೋಡೂಣು" ಎಂದ.

ಅವ್ವ ಹೋಗಿ ಅವನೆದುರು ಕುಳಿತಳು. "ಈಗ ಉಂಡ ಪ್ರಸಾದದ ಆಣಿ ಮಾಡಿ ಹೇಳು, ತಮ್ಮಾ. ಗಾಡಿ ಖರೇನ ಕೆಟ್ಟೈತೇನು?"

ಅವನು ಎದ್ದು ಕುಳಿತ. "ಐದು ಬಡಿಯೂ ತನಕ ಊರು ಮುಟ್ಟಿಸಬ್ಯಾಡ ಅಂದಾರ್ರಿ ಧಣ್ಯಾರು. ನಾ ಏನ ಮಾಡ್ಲಿ ಯಕ್ಕಾ? ಅವರ ಗಾಡಿ, ಅವರ ಅನ್ನ."

ಐದಕ್ಕೆ ಮತದಾನ ಮುಗಿಯುತ್ತಿತ್ತು. ಅವ್ವ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮ ಹಾಸು ಕೊಯ್ದಾಗ ನೀವೆಲ್ಲಾ ಬಂದು ಅತ್ರಿ. ಆ ಅಳು ನನಗ ಬ್ಯಾಡಾಗಿತ್ತು. ಇವತ್ತ ನಿಮ್ಮ ಕಾಲು ಕೊಡ್ರಿ, ಸಾಕು. ಧಣಿ ನಮ್ಮನ್ನ ಕುರಿ ಮಾಡಿ ಲಾರಿಗೆ ತುಂಬ್ಯಾನ. ಕುರಿ ಹೊಳ್ಳಿ ಬಂದು ಹಾಯೂದು ಹೆಂಗಿರತೈತಿ ಅಂತ ಅವ ನೋಡ್ಲಿ."

ಮೊದಲು ಚಾಚಿ ಸೆರಗು ಬಿಗಿದು ಎದ್ದಳು. "ನಾ ಬರ್ತೇನಿ. ಹೋದ ಸಲ ನನ್ನ ಹೆಸರಿಲೆ ಓಟು ಹಾಕಿದಾವಗ ಮೀಸಿ ಇದ್ವಂತ. ಈ ಸಲ ನಾನ ಹಾಕ್ತೇನಿ!" ಎಲ್ಲರೂ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಎದ್ದರು. ಒಂಬತ್ತು ಮಂದಿ ಧಣಿಯ ಭಯಕ್ಕೆ ಬೇವಿನ ನೆರಳಿನಲ್ಲೇ ಉಳಿದರು. ಹದಿನೇಳು ಮಂದಿ ಹೊರಟರು. ಅವರ ನಡುವೆ ನಾನು.

ಆ ಬಿಸಿಲನ್ನು ಹೇಗೆ ಹೇಳಲಿ! ರಸ್ತೆಯ ಧೂಳು ಕಾದ ಹಂಚಿನಂತಿತ್ತು. ಚಾಚಿ ತನ್ನ ಚಪ್ಪಲಿಯನ್ನು ನನಗೆ ಕೊಟ್ಟು ತಾನು ಬರಿಗಾಲಲ್ಲಿ ನಡೆದಳು. ದಾರಿ ಹತ್ತಿರವಾಗಲೆಂದು ಕುಸುಬೆಯ ಹೊಲ ಹೊಕ್ಕೆವು. ಕಿತ್ತಳೆ ಹೂವು ನೋಡಲು ಚೆಂದ, ಆದರೆ ಗಿಡದ ತುಂಬ ಮುಳ್ಳು. ಸೀರೆ ಹರಿದವು, ಮೀನಖಂಡದ ಮೇಲೆ ರಕ್ತದ ಗೆರೆಗಳು ಎದ್ದವು. ಒಂದು ಬಾವಿಯ ಹತ್ತಿರ ನೀರು ಕುಡಿದು, ತಲೆಯ ಮೇಲೂ ಸುರಿದುಕೊಂಡೆವು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಒಬ್ಬ ಗಡಿಯಾರ ನೋಡಿ "ನಾಲ್ಕು ಹೊಡದೈತಿ" ಎಂದ. ಅಲ್ಲಿಂದ ಮುಂದೆ ಬಿರಬಿರನೆ ನಡೆದೆವು. ಕೊನೆಗೆ ಎಲ್ಲರೂ ಓಡತೊಡಗಿದರು.

ನಾವು ಸಾಲಿಯ ಹತ್ತಿರ ಬಂದಾಗ ಧಣಿಯ ಮನುಷ್ಯ ಗೇಟು ಎಳೆಯುತ್ತಿದ್ದ. "ಟೈಮ್ ಆತು, ಹೋಗ್ರಿ!" ಎಂದು ಕೂಗಿದ. ಅವ್ವ ಗೇಟಿನ ನಡುವೆ ತನ್ನ ತೋಳು ಇಟ್ಟಳು. ಅವನು ಎಳೆದ. ಅವಳು ತೆಗೆಯಲಿಲ್ಲ. ಬಳೆಗಳು ಒಡೆದು ಚೂರು ಕೆಳಗೆ ಬಿದ್ದವು. ಸದ್ದು ಕೇಳಿ ಅಧಿಕಾರಿ ಹೊರಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಕೈಗಡಿಯಾರ ನೋಡಿದರು. "ಇನ್ನೂ ಆರು ನಿಮಿಷ ಇದೆ. ಗೇಟು ಮುಚ್ಚಲು ನಿಮಗೆ ಹೇಳಿದವರು ಯಾರು?" ಎಂದು ಕೇಳಿದರು. ಆಮೇಲೆ ಹದಿನೇಳು ಸರದಿ ಚೀಟಿ ಬರೆದು, ಸಾಲಿನ ಕೊನೆಯಿಂದ ಹಂಚುತ್ತ ಬಂದರು. ಆ ಚೀಟಿ ಇದ್ದವರು ಐದು ಹೊಡೆದ ಮೇಲೂ ಓಟು ಹಾಕಬಹುದಿತ್ತು.

ಅವ್ವ ಪರದೆಯ ಹಿಂದೆ ಬಹಳ ಹೊತ್ತು ನಿಂತಿದ್ದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ನಗುವಿರಲಿಲ್ಲ. ಹಸಿದವರು ಹೊಟ್ಟೆ ತುಂಬ ಉಂಡೆದ್ದಾಗ ಇರುವ ಶಾಂತಿ ಇತ್ತು.

ಧಣಿ ಹನ್ನೊಂದು ಮತಗಳಿಂದ ಸೋತ. ನಾನು ಪಾಟಿಯ ಮೇಲೆ ಹದಿನೇಳರಲ್ಲಿ ಹನ್ನೊಂದು ಕಳೆದು ಕಳೆದು ನೋಡಿ ಕುಣಿದಾಡಿದೆ. ಆ ಹದಿನೇಳು ಓಟು ಬೀಳದಿದ್ದರೆ ಆರು ಮತಗಳಿಂದ ಅವನೇ ಗೆಲ್ಲುತ್ತಿದ್ದ.

ನಮ್ಮ ನೀರಿನ ಬಾವಿ ಮನೆಯ ಎಡಕ್ಕಿತ್ತು. ಆದರೆ ಫಲಿತಾಂಶದ ಮರುದಿನದಿಂದ ಅವ್ವ ಬಲಕ್ಕೆ ತಿರುಗಿ, ಧಣಿಯ ಮನೆಯ ಮುಂದಿನಿಂದ ಸುತ್ತು ಹಾಕಿ ನೀರಿಗೆ ಹೋಗತೊಡಗಿದಳು. ಕೊಡವನ್ನು ಹಿಡಿದ ಕೈಯಲ್ಲಿ ಓಟಿನ ಮಸಿ ಹಚ್ಚಿದ ಬೆರಳು ಎದ್ದು ಕಾಣುತ್ತಿತ್ತು. ದಿನಾ ಬೆಳಗ್ಗೆ, ದಿನಾ ಸಂಜೆ. ಒಂದು ದಿನ ಕಟ್ಟೆಯ ಮೇಲೆ ಕುಳಿತಿದ್ದ ಧಣಿಗೆ ತಡೆಯಲಾಗಲಿಲ್ಲ.

"ಏನವಾ, ಬಾವಿ ದಾರಿ ಮರ್ತಿ ಏನು?"

"ಇಲ್ರಿ ಧಣ್ಯಾರ" ಎಂದಳು ಅವ್ವ, ನಿಲ್ಲದೆ. "ನಮಗ ಎಲ್ಲಾ ನೆನಪಿರತೈತ್ರಿ."

ಧಣಿ ಎದ್ದು ಒಳಗೆ ಹೋದ. ಉಗುರಿನ ಮಸಿ ಪೂರ್ತಿ ಹೋಗುವವರೆಗೂ ಅವ್ವ ಅದೇ ದಾರಿಯಲ್ಲಿ ನೀರು ತಂದಳು.

ಸೇಡು ಒಳ್ಳೆಯದಲ್ಲ ಎಂದು ನಿಮಗೆ ಸಾಲಿಯಲ್ಲಿ ಹೇಳಿಕೊಡುತ್ತಾರೆ. ನಾನು ಸುಳ್ಳು ಹೇಳಲಾರೆ, ಮಕ್ಕಳೇ. ಆ ಸೇಡು ಬೆಲ್ಲದಷ್ಟು ಸಿಹಿಯಾಗಿತ್ತು. ಗೆದ್ದ ಯುವಕನೇನೂ ದೇವರಲ್ಲ, ಅವನು ಹಾಕಿಸುತ್ತೇನೆಂದು ಮಾತು ಕೊಟ್ಟ ನೀರಿನ ನಳ ಬರಲು ಎಷ್ಟೋ ವರ್ಷ ಹಿಡಿಯಿತು. ಆದರೆ ಆಮೇಲೆ ಯಾರೂ ನಮ್ಮ ಓಣಿಗೆ ಕುಡುಗೋಲು ಹಿಡಿದು ಬರಲಿಲ್ಲ.

ಈಗ ನಾವಿರುವ ನವನಗರದಲ್ಲಿ ಮತಗಟ್ಟೆ ಎರಡು ನಿಮಿಷದ ದಾರಿ. ನೆರಳಿಗೆ ಶಾಮಿಯಾನ, ಕುಡಿಯಲು ತಣ್ಣನೆಯ ನೀರು, ನನ್ನಂಥ ವಯಸ್ಸಾದವರಿಗೆ ಗಾಲಿಕುರ್ಚಿ. ಗುಂಡಿ ಒತ್ತಿದರೆ ಪೀಂ ಎನ್ನುತ್ತದೆ, ಮುಗಿಯಿತು. ಆದರೂ ಮೊನ್ನೆ ನನ್ನ ಹಿರಿಯ ಮೊಮ್ಮಗಳು ಮೊಬೈಲಿನಲ್ಲಿ ಮತದಾರರ ಪಟ್ಟಿ ನೋಡಿ, "ಅಜ್ಜಿ, ನಿನ್ನ ಹೆಸರ ಇಲ್ಲಲ್ಲ!" ಎಂದಳು. ಹೇಗೆ ಹೋಯಿತೋ ಯಾರಿಗೂ ತಿಳಿಯದು. ನಮ್ಮ ಕಾಲದಲ್ಲಿ ಅಡ್ಡ ನಿಂತವನ ಮುಖವಾದರೂ ಕಾಣುತ್ತಿತ್ತು. ಮುಖವೇ ಕಾಣದಿದ್ದರೆ ಸಿಟ್ಟು ಬೇಗ ಆರಿಹೋಗುತ್ತದೆ, ಆರಲು ಬಿಡಬಾರದು. ನಾನು ಅರ್ಜಿ ತುಂಬಿದೆ, ಮೂರು ದಿನ ಓಡಾಡಿದೆ, ಹೆಸರು ಸೇರಿಸಿಕೊಂಡೇ ಮನೆಗೆ ಬಂದೆ.

"ಒಂದು ಓಟಿಗೆ ಇಷ್ಟ್ಯಾಕ ಅಜ್ಜಿ?" ಎಂದು ಆ ಮೊಮ್ಮಗಳು ಕೇಳಿದ್ದಕ್ಕೇ ಈ ಕತೆ ಹೇಳಿದೆ. ಅವಳಿಗೀಗ ಹದಿನೇಳು ವರ್ಷ. ಹದಿನೆಂಟು ತುಂಬಲು ಇನ್ನೂ ನಾಲ್ಕು ತಿಂಗಳಿದೆ. ಮತದಾರರ ಪಟ್ಟಿಗೆ ಸೇರುವ ಅರ್ಜಿಯನ್ನು ಮಾತ್ರ ಈಗಲೇ ತಂದು, ಚೆಂದದ ಅಕ್ಷರದಲ್ಲಿ ಹೆಸರು ಬರೆದು, ಪುಸ್ತಕದ ನಡುವೆ ಇಟ್ಟುಕೊಂಡಿದ್ದಾಳೆ.