ಬಲಗಣ್ಣಿಗೆ ಕಂಡ ಹಳದಿ

ತುಟಿಯ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳಾದ್ದರಿಂದ ಅವಳಿಗೆ ಗುಂಡುಸೂಜಿಯಮ್ಮ ಎಂದೇ ಹೆಸರು. ಮೂವತ್ತು ವರ್ಷದಿಂದ ಮದುವೆ ಗೌನು ಹೊಲಿಯುತ್ತಿದ್ದಾಳೆ. ಒಂದು ದಿನವೂ ಸೂಜಿ ನುಂಗಿಲ್ಲ, ಒಂದು ದಿನವೂ ಮಾತು ನುಂಗಿಲ್ಲ. ಬಟ್ಟೆ ಆರಿಸುವುದರಲ್ಲಿ ಅವಳದೇ ಒಂದು ಪದ್ಧತಿ. ಮದುಮಗಳು ಯಾವ ಹೂವು ಹಿಡಿಯುತ್ತಾಳೋ ಆ ಹೂವನ್ನೇ ಅಂಗಡಿಗೆ ಒಯ್ಯುವುದು, ಥಾನನ್ನು ಬಾಗಿಲ ಬೆಳಕಿಗೆ ತರಿಸುವುದು, ಹೂವನ್ನು ಅದರ ಮೇಲಿಟ್ಟು ನೋಡುವುದು. ಟ್ಯೂಬ್‌ಲೈಟಿನ ಕೆಳಗೆ ಬಿಳಿ ಬಟ್ಟೆ ಕೊಳ್ಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಈ ಸಲ ಮದುಮಗಳು ಅವಳ ಒಬ್ಬಳೇ ಮಗಳು. ಹತ್ತು ವರ್ಷದವಳಾಗಿದ್ದಾಗಿನಿಂದ ಹುಡುಗಿಯದು ಒಂದೇ ಹಟ: ಮದುವೆಗೆ ಬಿಳಿ ಗುಲಾಬಿಯೇ ಬೇಕು, ಅದೂ ಸುಣ್ಣದಂಥ ಬಿಳಿ. ಮೂರು ತಿಂಗಳ ಹಿಂದೆ ತಾಯಿ ಅಂಥದೊಂದು ಗುಲಾಬಿ ಹಿಡಿದು ಮಗಳ ಜೊತೆ ಅಂಗಡಿಗೆ ಹೋದಳು. ಹನ್ನೊಂದು ಥಾನು ಆಚೆ ತಳ್ಳಿ ಹನ್ನೆರಡನೆಯ ರೇಷ್ಮೆಯನ್ನು ಆರಿಸಿದಳು. ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ನನಗೇ ಬಿಳಿ ಯಾವುದು ಅಂತ ಪಾಠ ಹೇಳುತ್ತೀಯಾ ಎಂದು ಬಾಯಿ ಮುಚ್ಚಿಸಿದಳು. ಮಗಳು ಬಟ್ಟೆಯನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿ, ಚೆನ್ನಾಗಿದೆ ಎಂದಳು.

ಗುಂಡುಸೂಜಿಯಮ್ಮನ ಕಣ್ಣಿಗೆ ಪೊರೆ ಬಂದು ಎರಡು ವರ್ಷವೇ ಆಗಿತ್ತು. ಗಿರಾಕಿಗಳ ಕಿವಿಗೆ ಬಿದ್ದರೆ ಹೊಟ್ಟೆಪಾಡು ಮುಗಿಯಿತೆಂದು ಮುಚ್ಚಿಟ್ಟುಕೊಂಡಿದ್ದಳು. ಗೌನು ಮುಗಿದ ಮೇಲೆ, ಮಗಳ ಮುಖವನ್ನು ಆ ದಿನವಾದರೂ ಸರಿಯಾಗಿ ನೋಡಬೇಕೆಂದು, ಮದುವೆಗೆ ಒಂದು ವಾರವಿರುವಾಗ ಬಲಗಣ್ಣಿಗೆ ಆಪರೇಷನ್ ಮಾಡಿಸಿಕೊಂಡಳು. ಎಡಗಣ್ಣು ಆಮೇಲೆ ನೋಡೋಣ ಎಂದರು ಡಾಕ್ಟರು. ಒಂದು ತಿಂಗಳು ಸೂಜಿ ಮುಟ್ಟಬಾರದು ಎಂದೂ ಹೇಳಿದರು.

ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಬಂದವಳೇ ನೇರವಾಗಿ ಹೊಲಿಗೆ ಕೋಣೆಗೆ ಹೋದಳು. ಬೊಂಬೆಯ ಮೇಲೆ ಗೌನು ನಿಂತಿತ್ತು. ಅಯ್ಯೋ, ಬೆಣ್ಣೆಯ ಬಣ್ಣ! ಬಲಗಣ್ಣು ಮುಚ್ಚಿ ನೋಡಿದಳು, ಬಿಳಿ. ಎಡಗಣ್ಣು ಮುಚ್ಚಿ ನೋಡಿದಳು, ಹಳದಿ. ದಿಂಬಿನ ಕವರು ತಂದು ಪಕ್ಕಕ್ಕೆ ಹಿಡಿದಳು, ಅಳತೆ ಬರೆಯುವ ಕಾಗದ ಹಿಡಿದಳು. ಅನುಮಾನವೇ ಉಳಿಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇವಳ ಕಣ್ಣಿಗೆ ಹಳದಿಯೇ ಬಿಳಿಯಾಗಿ ಕೂತಿತ್ತು.

ಬ್ಲೀಚ್ ಹಾಕಿದರೆ ರೇಷ್ಮೆ ಹಾಳಾಗುತ್ತದೆ. ಹೊಸದು ಹೊಲಿಯೋಣವೆಂದರೆ ಮುತ್ತು ಕೂರಿಸುವುದಕ್ಕೇ ಇಪ್ಪತ್ತು ದಿನ ಬೇಕು, ಇರುವುದು ಆರು. ಸುಣ್ಣದಂಥ ಗುಲಾಬಿಯ ಪಕ್ಕದಲ್ಲಿ ಈ ಗೌನು ತಿಕ್ಕದ ಹಲ್ಲಿನಂತೆ ಕಾಣುತ್ತದೆ ಎಂದುಕೊಂಡಳು. ಊರವರ ಮಕ್ಕಳಿಗೆಲ್ಲ ಹೊಂದಿಸಿಕೊಟ್ಟು ಹೆತ್ತ ಮಗಳ ಮದುವೆಯನ್ನೇ ಕೆಡಿಸಿದೆನಲ್ಲ ಎಂದು ಒಳಗೊಳಗೇ ಬೆಂದಳು. ಊಟದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ತಳ್ಳಿದಳು. ಕಣ್ಣು ನೋಯುತ್ತಿದೆಯಾ ಎಂದು ಮಗಳು ಕೇಳಿದರೆ, ಹೂಂ ಎಂದು ಗೋಡೆಯ ಕಡೆ ತಿರುಗಿದಳು.

ಮೂರು ದಿನ ಹೀಗೇ ಒದ್ದಾಡಿ ನಾಲ್ಕನೆಯ ದಿನ ಹೂವಿನಂಗಡಿಗೆ ನಡೆದಳು. ಜನ್ಮದಲ್ಲಿ ಯಾರ ಮುಂದೆಯೂ ತಗ್ಗದವಳು, ಅಲ್ಲಿ ಬಕೆಟ್ಟುಗಳ ನಡುವೆ ನಿಂತು ಕೈ ಹಿಸುಕಿಕೊಳ್ಳುತ್ತ ಕೇಳಿದಳು: ಅಷ್ಟು ಬಿಳಿ ಬೇಡ, ಸ್ವಲ್ಪ ಕೆನೆ ಬಣ್ಣದ ಗುಲಾಬಿ ಸಿಗುತ್ತದೆಯೇ?

ಕಾಂಡ ಕತ್ತರಿಸುತ್ತಿದ್ದ ಹೂವಿನವಳಿಗೆ ಆಶ್ಚರ್ಯ. "ಅದನ್ನೇ ಅಲ್ವಾ ನಾನು ಬರ್ಕೊಂಡಿರೋದು? ನಿಮ್ಮ ಮಗಳು ಎರಡು ತಿಂಗಳ ಹಿಂದೇನೇ ಬಂದು ಬದಲಾಯಿಸಿದ್ರು," ಎಂದು ಆರ್ಡರ್ ಪುಸ್ತಕ ತೆರೆದಳು. ಹಾಳೆಗೆ ಬೆರಳಗಲದ ರೇಷ್ಮೆ ಚೂರೊಂದು ಸಿಕ್ಕಿಸಿತ್ತು. ಸಿಕ್ಕಿಸಿದ್ದು ಗುಂಡುಸೂಜಿಯಮ್ಮನ ಡಬ್ಬಿಯದೇ ಸೂಜಿಯಿಂದ. "ಅಮ್ಮನಿಗೆ ಹೇಳ್ಬೇಡಿ ಅಂದಿದ್ರು. ನೋಡಿ, ಬಾಯಿ ತಪ್ಪಿ ಹೇಳ್ಬಿಟ್ಟೆ."

ಮನೆ ಹೇಗೆ ಸೇರಿದಳೋ ಅವಳಿಗೇ ಗೊತ್ತಿಲ್ಲ. ಮಗಳು ಬಟ್ಟೆ ಮಡಚುತ್ತಿದ್ದಳು.

"ಅಷ್ಟು ವರ್ಷ ಬಿಳಿ, ಬಿಳಿ ಅಂತ ನನ್ನ ತಲೆ ತಿಂದ್ಯಲ್ಲೇ. ಬಟ್ಟೆ ಅಂಗಡೀಲೇ ಯಾಕೆ ಹೇಳ್ಲಿಲ್ಲ?"

ಮಗಳಿಗೆ ಅರ್ಥವಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಅಲ್ಲಿ ಆ ಅಂಗಡಿಯವನ ಮುಂದೆ ಹೇಗೆ ಹೇಳ್ಲಿ? ಮಾರನೇ ದಿನ ಹೇಳೋಣ ಅಂತ ನಿನ್ನ ಕೋಣೆಗೆ ಬಂದೆ. ಗುಂಡುಸೂಜಿ ಕಚ್ಕೊಂಡೇ ಏನೋ ಗುನುಗ್ತಾ ಕತ್ತರಿ ಆಡಿಸ್ತಾ ಇದ್ದೆ. ಅಪ್ಪ ಹೋದ ಮೇಲೆ ನೀನು ಗುನುಗಿದ್ದು ಅವತ್ತೇ, ಅಮ್ಮ. ಬಾಗಿಲಿಂದಾನೇ ವಾಪಸ್ ಹೋದೆ. ಹೂವು ಯಾವುದಾದ್ರೇನು ಅನ್ನಿಸ್ತು."

ಕಣ್ಣಿಗೆ ನೀರು ತಾಗಬಾರದು ಎಂದಿದ್ದರು ಡಾಕ್ಟರು, ತಾಯಿಯ ಎರಡು ಕಣ್ಣಿನಿಂದಲೂ ಸುರಿಯಿತು.

ಮದುವೆಯ ದಿನ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಮಗಳನ್ನು ನೋಡಿದಳು. ಕೆನೆ ಬಣ್ಣದ ಗುಲಾಬಿ, ಅದೇ ಬಣ್ಣದ ಗೌನು. ಹೂವು ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಎಂದು ಅವಳ ಹೊಸ ಕಣ್ಣಿಗೂ ತಿಳಿಯಲಿಲ್ಲ. ಮುಂದಿನ ತಿಂಗಳು ಮಗಳ ಮದುವೆಯಿಟ್ಟುಕೊಂಡಿದ್ದ ಹಳೆಯ ಗಿರಾಕಿಯೊಬ್ಬಳು ಪಕ್ಕಕ್ಕೆ ಬಂದು, ಕಣ್ಣು ಅಂದರೆ ನಿಮ್ಮದೇ ಕಣ್ಣು ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದಳು.

ಗುಂಡುಸೂಜಿಯಮ್ಮನೂ ಎಲ್ಲರಿಗೂ ಕೇಳುವಂತೆಯೇ ಹೇಳಿದಳು: "ನನ್ನ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣ ಹೊಂದಿಸಿದ್ದು ನನ್ನ ಮಗಳು."