ಅಪ್ಪ ಹಾಕಿದ ಕೆಂಪು ಇಳಿಸಲು ಬಿಡಲಿಲ್ಲ

ಸ್ನೇಹಿತರೇ, ಏಳನೇ ಕ್ಲಾಸು ಓದಿದ ನಾನು ಇವತ್ತು ಒಂದು ಕಂಪ್ಯೂಟರನ್ನು ಸೋಲಿಸಿದೆ.

ಅಕ್ಕನ ಮಗಳು ಸವಿತಾ ಹಳೆಯ ಸಿನಿಮಾಗಳ ಬಣ್ಣ ಸರಿಮಾಡುವ ಕೆಲಸದಲ್ಲಿದ್ದಾಳೆ. ದೊಡ್ಡಬಳ್ಳಾಪುರದ ನಮ್ಮ ಮನೆಗೆ ಲ್ಯಾಪ್‌ಟಾಪ್ ತಂದು ಅಂಥದೊಂದು ಸಿನಿಮಾದ ನಾಯಕಿಯ ಸೀರೆ ತೋರಿಸಿದಳು. ಅದು ನಮ್ಮ ಮಗ್ಗದ ಸೀರೆ, ನೂಲಿಗೆ ಬಣ್ಣ ಹಾಕಿದ್ದು ನಮ್ಮಪ್ಪ. ಈಗ ನೋಡಿದರೆ ಇಟ್ಟಿಗೆ ಬಣ್ಣ!

"ಇದು ಕುಂಕುಮದ ಕೆಂಪು ಕಣವ್ವಾ," ಎಂದೆ.

"ಮಾವ, ರೀಲು ಹಳೇದಾಗಿ ಎಲ್ಲಾ ಕೆಂಪಗಾಗಿತ್ತು. ಅದಕ್ಕೇ ಕೆಂಪು ಇಳಿಸಿದ್ದೀನಿ. ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

ಸುಮ್ಮನಿರಲು ನನಗೆ ಬರುವುದಿಲ್ಲ. ಹಾಕಿದ ಪ್ರತಿ ಬಣ್ಣದ ಒಂದು ಎಳೆಯನ್ನು ಅಪ್ಪ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಆ ಸೀರೆಯ ಎಳೆ ಹುಡುಕಿ ತಂದೆ. ಸವಿತಾ ಅದನ್ನು ಟ್ಯೂಬ್‌ಲೈಟಿಗೆ ಹಿಡಿದಳು.

"ಯಾವ ನೇಕಾರ ಟ್ಯೂಬ್‌ಲೈಟಲ್ಲಿ ಬಣ್ಣ ನೋಡ್ತಾನವ್ವಾ? ಬಾ ಈಚೆ!" ಎಂದು ಹೊಸ್ತಿಲಿಗೆ, ಹಗಲ ಬೆಳಕಿಗೆ ಕರೆತಂದೆ.

ಎಳೆ ನೋಡಿಕೊಂಡೇ ಕೆಂಪು ಏರಿಸಿದಳು. ಸೀರೆ ಸರಿಹೋಯಿತು. ಪಕ್ಕದಲ್ಲಿ ನೀಲಿಗಟ್ಟಿದ್ದ ನಾಯಕನ ಪಂಚೆಯೂ ತಾನಾಗಿಯೇ ಬೆಳ್ಳಗಾಯಿತು.

"ನಮ್ ಸರ್ ಒಪ್ಪಲ್ಲ ಮಾವ."

"ಹಗಲೊತ್ತು ಕರ್ಕೊಂಡ್ ಬಾ. ನಮ್ ಹೊಸ್ತಿಲು ಎಲ್ಲೂ ಹೋಗಲ್ಲ."

ಆಗಲೂ ಒಪ್ಪದಿದ್ದರೆ ಸೀರೆಯನ್ನೂ ಅವರೇ ನೇಯ್ದುಕೊಳ್ಳಲಿ.