ಬಾವಿಯಿಂದ ಕಂಡ ಆಕಾಶ

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿದ್ದ ಶೀಟಿನ ಟಾಕೀಸು ಈಗಿಲ್ಲ. ತೊಂಬತ್ತರ ದಶಕದಲ್ಲಿ ಅಲ್ಲಿ ಸಿನಿಮಾ ನೋಡಿ ಬೆಳೆದವರು ಆಪರೇಟರ್ ರಹಮತ್ ಉಲ್ಲಾನನ್ನು ಮಾತ್ರ ಮರೆತಿಲ್ಲ. ರೀಲು ತುಂಡಾದಾಗ ಅವನ ಹೆಸರು ಹಿಡಿದು ಬೈಯದ ಬಾಯಿ ಊರಲ್ಲಿರಲಿಲ್ಲ. ಬೈದಷ್ಟೇ ಪ್ರೀತಿಯೂ ಇತ್ತೆನ್ನಿ.

ಆ ಬೈಗುಳ ಅವನಿಗೆ ಕೇಳಿಸುತ್ತಿರಲಿಲ್ಲ ಎಂಬುದು ಹೆಂಡತಿ ಕುಲ್ಸುಂ ಬೀಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಜನರೇಟರಿನ ಮಗ್ಗುಲಲ್ಲೇ ವಯಸ್ಸು ಕಳೆದು ಎರಡು ಕಿವಿಯೂ ಹೋಗಿದ್ದವು. ಕಿವುಡ ಆಪರೇಟರನ್ನು ಯಾವ ಮಾಲೀಕ ಇಟ್ಟುಕೊಂಡಾನು? ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಗೇಟಿನ ಯಲ್ಲಯ್ಯ ಕೆಳಗಿಂದ ಬೆಲ್ಲು ಒತ್ತುವ ಹೊತ್ತಿಗೆ ಕ್ಯಾಬಿನ್ನಿನ ಗೋಡೆಯ ಮೇಲಿದ್ದ ಬೆಲ್ಲಿನ ಡಬ್ಬಿಗೆ ಬೆರಳಿಟ್ಟು ಕಾಯುತ್ತಿದ್ದ. ಡಬ್ಬಿ ಅದುರಿದರೆ ಶೋ ಶುರು. ಎದುರಿಗಿರುವವರ ತುಟಿ ನೋಡಿ ಮಾತು ತಿಳಿಯುವುದನ್ನೂ ಕಲಿತಿದ್ದ. ಆದರೆ ಪರದೆಯ ಮೇಲೆ ಹೀರೋ ಯಾಕೆ ನಕ್ಕ, ತಾಯಿ ಯಾಕೆ ಅತ್ತಳು, ಒಂದೂ ತಿಳಿಯದು. ಸಿನಿಮಾ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ, ಕಥೆ ನೋಡುವುದನ್ನೇ ಬಿಟ್ಟ. ರೀಲು ಮುಗಿಯುವ ಮುನ್ನ ಪರದೆಯ ಮೂಲೆಯಲ್ಲಿ ಚುಕ್ಕಿ ಬರುತ್ತದೆ. ಅದನ್ನು ಕಂಡು ಪಕ್ಕದ ಮೆಷಿನ್ನಿಗೆ ಬದಲಾಯಿಸಿದರೆ ಕೆಲಸವಾಯಿತು.

ಒಂದು ಶುಕ್ರವಾರ ತುಮಕೂರಿನಿಂದ ಬಸ್ಸಿನಲ್ಲಿ ಬರಬೇಕಿದ್ದ ರೀಲಿನ ಡಬ್ಬದ ಬದಲು ಇನ್ಯಾವುದೋ ಡಬ್ಬ ಬಂತು. ಹಾಡಿಲ್ಲ, ಫೈಟಿಲ್ಲ, ಮಾತಂತೂ ಇಲ್ಲವೇ ಇಲ್ಲ. ಕುರಿ ಕಾಯುವವನೊಬ್ಬ ಪಾಳು ಬಾವಿಗೆ ಬಿದ್ದಿದ್ದಾನೆ, ಮೇಲೆ ಬರಬೇಕು. ಇಷ್ಟೇ ಕಥೆ. ಮಾಲೀಕ ಸದಾಶಿವಯ್ಯ ಹಣೆ ಚಚ್ಚಿಕೊಂಡರು.

"ಜನ ಸೀಟ್ ಹರ್ದಾಕ್ತಾರೆ ಕಣೋ ರಹಮತ್ತು. ಏನ್ಮಾಡದು, ಹಾಕು."

ಮ್ಯಾಟಿನಿಯಲ್ಲಿ ಮೊದಲು ಶಿಳ್ಳೆ, ಕೂಗು ಎಲ್ಲ ಆಯಿತು. ಆಮೇಲೆ ಬಾವಿಯೊಳಗಿನವನು ಕಲ್ಲಿನ ಪಸೆಯನ್ನು ನೆಕ್ಕತೊಡಗಿದ. ಉಟ್ಟ ಪಂಚೆಯನ್ನು ಸೀಳಿ ಹಗ್ಗ ಹೊಸೆದ. ಹೆಂಗಸರ ಕಡೆ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ಮೇಲೆ ರಹಮತ್ ಉಲ್ಲಾ ಕಿಂಡಿಗೆ ಕಣ್ಣಿಟ್ಟವನು ತೆಗೆಯಲೇ ಇಲ್ಲ. ಇಲ್ಲಿ ಕೇಳಬೇಕಾದ್ದು ಏನೂ ಇರಲಿಲ್ಲ. ವರ್ಷಗಳ ಮೇಲೆ ಊರಿನವರಿಗೆ ಕಂಡಷ್ಟೇ ಸಿನಿಮಾ ಅವನಿಗೂ ಕಾಣುತ್ತಿತ್ತು. ಖುಷಿಗೋ ದುಃಖಕ್ಕೋ, ಕಣ್ಣು ತುಂಬಿತು. ಅದರಲ್ಲಿ ಮೂಲೆಯ ಚುಕ್ಕಿ ತಪ್ಪಿಹೋಯಿತು.

ಕುರಿಗಾಹಿ ತಲೆಯೆತ್ತಿ ಆಕಾಶ ನೋಡಿದ. ಪರದೆ ಪೂರಾ ಬೆಳ್ಳಗಾಯಿತು. ಬಾವಿಯ ತಳದಿಂದ ನೋಡಿದ ಬಿಸಿಲು ಅದು ಎಂದುಕೊಂಡ ರಹಮತ್ ಉಲ್ಲಾ. ಕೆಳಗಿನ ಜನರೂ ಹಾಗೇ ಅಂದುಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು. ಆದರೆ ಮೆಟ್ಟಿಲ ಬಳಿ ನಿಂತಿದ್ದ ಸದಾಶಿವಯ್ಯನವರಿಗೆ ಕ್ಯಾಬಿನ್ನಿನಿಂದ ಪಟಪಟ ಸದ್ದು ಕೇಳಿತು. ಮುಗಿದ ರೀಲಿನ ತುದಿ ಮೆಷಿನ್ನಿಗೆ ಬಡಿಯುವ ಸದ್ದು. ಕೂಗಿದರು. ಯಾರೂ ಓಗೊಡಲಿಲ್ಲ. ಮೇಲೆ ಬಂದು ನೋಡಿದರೆ ಆ ಬಡಿತದ ಪಕ್ಕದಲ್ಲೇ ಆಪರೇಟರು ಕಲ್ಲಿನಂತೆ ನಿಂತಿದ್ದಾನೆ. ಬೆನ್ನ ಹಿಂದೆ ನಿಂತು ಮತ್ತೊಮ್ಮೆ ಹೆಸರು ಕರೆದರು. ತಿರುಗಲಿಲ್ಲ. ಭುಜ ಮುಟ್ಟಿದಾಗಲೇ ಅವನು ಬೆಚ್ಚಿ, ಮೆಷಿನ್ ನೋಡಿ, ಪಕ್ಕದ್ದಕ್ಕೆ ಹಾರಿದ. ಪರದೆಯ ಮೇಲೆ ಹಗ್ಗ ಇಳಿದು ಬಂತು.

ಶೋ ಬಿಟ್ಟ ಮೇಲೆ ಸದಾಶಿವಯ್ಯ ಅವನ ಮುಖದೆದುರು ನಿಧಾನವಾಗಿ ತುಟಿ ಆಡಿಸಿ ಕೇಳಿದರು.

"ಯಾವಾಗಿಂದ?"

"ಮೂರ್ ವರ್ಷ ಆಯ್ತು ಯಜಮಾನ್ರೇ. ಈ ಮೂರ್ ವರ್ಷದಲ್ಲಿ ನಾನು ಪೂರ್ತಿ ನೋಡಿದ್ದು ಇದೊಂದೇ ಸಿನಿಮಾ."

ಅವರು ಗೋಡೆಯ ಬೆಲ್ಲಿನ ಡಬ್ಬಿಯನ್ನೊಮ್ಮೆ ನೋಡಿ ಇಳಿದು ಹೋದರು. ಅನ್ನ ಹೋಯಿತೆಂದು ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಉಣ್ಣಲಿಲ್ಲ.

ಮರುದಿನ ಕೀಲಿ ಒಪ್ಪಿಸಲು ಬಂದವನು ಆಗಲೇ ತೆರೆದಿದ್ದ ಕ್ಯಾಬಿನ್ನಿನ ಗೋಡೆ ನೋಡಿ ನಿಂತ. ಬೆಲ್ಲಿನ ಡಬ್ಬಿ ಇರಲಿಲ್ಲ. ಆ ಜಾಗದಲ್ಲಿ ಒಂದು ಕೆಂಪು ಬಲ್ಬು ತೂಗುತ್ತಿತ್ತು. ಕೆಳಗೆ ಯಲ್ಲಯ್ಯ ಸ್ವಿಚ್ಚು ಒತ್ತಿದ. ಬಲ್ಬು ಹೊತ್ತಿಕೊಂಡಿತು. ರಹಮತ್ ಉಲ್ಲಾ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮೆಷಿನ್ ಹಾಕಿದ.